ಮಳೆಯಲ್ಲಿ ಗೆಂಡೆ ಸ್ಪರ್ಧೆ: ಎರೆ ಮೇಲೆ ನೇತಾಡುತ್ತಿತ್ತು, ಊಟ ಕೆಳಗಿತ್ತು

ಪ್ರಶ್ನೆ: ಸರ್, ನಾನು ಗಾಳ ಹಿಡಿದು ಆರು ವರ್ಷವಾಯಿತು, ಸ್ಪರ್ಧೆಗೆ ಇಳಿದದ್ದು ಈ ವರ್ಷವೇ. ಕಳೆದ ತಿಂಗಳು 5 ಗಂಟೆಗಳ ಅವಧಿಯ ಗೆಂಡೆ ಸ್ಪರ್ಧೆ ಇತ್ತು. ಬೆಳಗ್ಗೆ ಬಿಸಿಲು, ಸೆಕೆ. 13 ಮೀಟರ್ ಪೋಲ್‌ನಲ್ಲಿ (ರೀಲಿಲ್ಲದ ಉದ್ದನೆಯ ಗಾಳದ ಕೋಲು), ಬೆಂಡಿನ ಕೆಳಗೆ ಎರಡಡಿ ದಾರ ಮಾತ್ರ ಬಿಟ್ಟು, ಪೆಲೆಟ್ (ಮೇವಿನ ಗುಳಿಗೆ) ಎರಚುತ್ತ ಮೊದಲ ಗಂಟೆಯಲ್ಲೇ ನಾಲ್ಕು ಗೆಂಡೆ ಹಿಡಿದೆ. ಎರಡನೇ ಗಂಟೆಗೆ ಜೋರು ಮಳೆ ಶುರುವಾಯಿತು. ಅಲ್ಲಿಂದ ಕೊನೆಯವರೆಗೆ ಬೆಂಡು ಅಲ್ಲಾಡಲಿಲ್ಲ. ಮಳೆಯಲ್ಲಿ ಗೆಂಡೆ ಹಸಿದು ಬೀಳುತ್ತದೆ ಅಂತ ಎಲ್ಲರೂ ಹೇಳುವುದರಿಂದ ಮೇವು ಹೆಚ್ಚಿಸಿದೆ, ಘಾಟು ವಾಸನೆಯ ಎರೆ ಹಾಕಿದೆ, ಏನೂ ಆಗಲಿಲ್ಲ. ಎಡಗಡೆಯವರು ಕೊನೆಯ ಒಂದೂವರೆ ಗಂಟೆಯಲ್ಲಿ ಕಾಲಬುಡದ ದಡದಂಚಿನಲ್ಲೇ ಏಳು ಮೀನು ಎತ್ತಿದರು. ವಾಯುಭಾರ ಕುಸಿದು ಮೀನು ಬಾಯಿ ಕಟ್ಟಿತು ಅಂತ ಒಬ್ಬರು, ಮಳೆನೀರಿಗೆ ಕೆರೆ ತಣ್ಣಗಾಯಿತು ಅಂತ ಇನ್ನೊಬ್ಬರು ಹೇಳುತ್ತಾರೆ. ನಡುವೆ ದೂರದಲ್ಲಿ ಗುಡುಗಿತು, ಯಾರೂ ಏಳಲಿಲ್ಲ. ಕಾರ್ಬನ್ ಪೋಲ್ ಹಿಡಿದು ಕೂತಿದ್ದ ನನಗೆ ಹೆದರಿಕೆಯಾಯಿತು. ಎದ್ದರೆ ನಗುತ್ತಾರೇನೋ ಅಂತ ಕೂತೇ ಇದ್ದೆ. ಬರುವ ಭಾನುವಾರ ಅದೇ ಕೆರೆಯಲ್ಲಿ ಮತ್ತೆ ಸ್ಪರ್ಧೆ, ಮಳೆಯ ಮುನ್ಸೂಚನೆಯೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಮೀನು ಯಾಕೆ ನಿಂತಿತು ಅನ್ನುವುದು ಒಂದು, ಗುಡುಗಿದಾಗ ಏಳಬೇಕಿತ್ತೇ ಅನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಆಯ್ಕೆ ಎಂಬುದೇ ಇಲ್ಲ.

ಏಳಬೇಕಿತ್ತು. ನಿಮಗಾದ ಹೆದರಿಕೆ ಸರಿಯಾದ ಹೆದರಿಕೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಬಯಲಾದ ಕೆರೆಯಂಚಿನಲ್ಲಿ 13 ಮೀಟರ್ ಉದ್ದದ ಒದ್ದೆ ಕಾರ್ಬನ್ ಕೋಲು ಹಿಡಿದು ಕೂತವರು ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಕೊಡೆಯ ಲೋಹದ ಕಂಬವೂ ಅಷ್ಟೇ. ರಬ್ಬರ್ ಬೂಟು ಕಾಯುತ್ತದೆ ಅನ್ನುವುದು ಸುಳ್ಳು ಧೈರ್ಯ. ಮೋಡದಿಂದ ನೆಲದವರೆಗೆ ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಬೂಟಿನ ಅಡಿ ಲೆಕ್ಕಕ್ಕಿಲ್ಲ. ಮಿಂಚು ಕಂಡ ಮೇಲೆ ಎಣಿಸಿ. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ಬೇಕು. 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ, ಅಂದರೆ ಮುಂದಿನದು ನಿಮ್ಮ ದಡಕ್ಕೇ ಬೀಳಬಹುದು. ಮಿಂಚು ಕಾಣದೆ ಗುಡುಗು ಮಾತ್ರ ಕೇಳಿಸಿದರೂ ಏಳಿ. ಪೋಲನ್ನು ನೆಟ್ಟಗೆ ಎತ್ತಿಕೊಂಡು ಓಡಬೇಡಿ, ಇದ್ದಲ್ಲೇ ನೆಲಕ್ಕೆ ಮಲಗಿಸಿ. ಮರದ ಕೆಳಗೆ ಬೇಡ, ಕೊಡೆಯ ಕೆಳಗೂ ಬೇಡ. ಗಟ್ಟಿ ಕಟ್ಟಡದೊಳಗೆ, ಇಲ್ಲವೇ ಲೋಹದ ಚಾವಣಿಯ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿರಿ. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಕಳೆಯುವವರೆಗೆ ದಡಕ್ಕೆ ಮರಳಬೇಡಿ.

ಬಹಳ ವರ್ಷಗಳ ಹಿಂದೆ ನಾನೂ ನಿಮ್ಮಂತೆಯೇ ಕೂತಿದ್ದೆ. ನನ್ನ ಪಕ್ಕದ ಪೆಗ್‌ನ (ಸ್ಪರ್ಧಿಗೆ ಗೊತ್ತು ಮಾಡಿದ ಜಾಗ) ಗೆಳೆಯ ಇದ್ದಕ್ಕಿದ್ದಂತೆ ಪೋಲ್ ಕೈಬಿಟ್ಟ. ಕೈ ಜುಮ್ಮೆಂದಿತು, ಪೋಲ್ ಗುಂಯ್‌ಗುಟ್ಟಿತು ಅಂದ. ಹಾಗಾಯಿತೆಂದರೆ ಸುತ್ತಲಿನ ಗಾಳಿಯಲ್ಲಿ ವಿದ್ಯುತ್ ಆಗಲೇ ಕಟ್ಟಿಕೊಂಡಿದೆ, ಸಿಡಿಲು ಯಾವ ಗಳಿಗೆಯಲ್ಲಾದರೂ ಬೀಳಬಹುದು ಎಂದರ್ಥ. ಅಂದಿನಿಂದ ಗುಡುಗಿದ ಕೂಡಲೇ ನಾನು ಏಳುತ್ತೇನೆ, ಅಕ್ಕಪಕ್ಕದವರನ್ನೂ ಕೂಗಿ ಎಬ್ಬಿಸುತ್ತೇನೆ. ಈವರೆಗೆ ಯಾರೂ ನಕ್ಕಿಲ್ಲ. ಹೆಚ್ಚಿನವರು ಯಾರಾದರೂ ಮೊದಲು ಏಳಲಿ ಅಂತ ಕಾಯುತ್ತಿರುತ್ತಾರೆ. ಭಾನುವಾರ ಪೆಗ್ ಚೀಟಿ ಎತ್ತುವ ಮೊದಲೇ ಆಯೋಜಕರನ್ನು ಕೇಳಿ: ಗುಡುಗಿದರೆ ನಿಲ್ಲಿಸುವ ಸೂಚನೆ ಹೇಗೆ ಕೊಡುತ್ತೀರಿ, ನಿಂತ ಸಮಯವನ್ನು ಹೇಗೆ ಲೆಕ್ಕ ಹಾಕುತ್ತೀರಿ ಅಂತ. ಉತ್ತರವಿಲ್ಲದಿದ್ದರೆ ಆ ಪ್ರಶ್ನೆಯಿಂದಲೇ ಒಂದು ವ್ಯವಸ್ಥೆ ಹುಟ್ಟಬಹುದು.

ಇನ್ನು ಮೀನಿನ ಮಾತು. ನಿಮಗೆ ಕೊಟ್ಟ ಎರಡು ಕಾರಣಗಳನ್ನು ಲೆಕ್ಕ ಹಾಕಿ ನೋಡೋಣ.

ವಾಯುಭಾರದ ಮಾತನ್ನು ಪ್ರತಿ ದಡದಲ್ಲೂ ಕೇಳುತ್ತೇನೆ. ದೊಡ್ಡ ಮಳೆಮೋಡ ಬಂದಾಗ ವಾಯುಭಾರ ಒಂದು ದಿನದಲ್ಲಿ 10ರಿಂದ 20 ಹೆಕ್ಟೊಪಾಸ್ಕಲ್ ಇಳಿಯಬಹುದು. ನೀರಿನೊಳಗೆ 1 ಸೆಂಟಿಮೀಟರ್ ಕೆಳಗೆ ಹೋದರೆ ಒತ್ತಡ ಸುಮಾರು 1 ಹೆಕ್ಟೊಪಾಸ್ಕಲ್ ಹೆಚ್ಚುತ್ತದೆ. ಅಂದರೆ ಇಡೀ ದಿನದ ಆ ಕುಸಿತ, ಗೆಂಡೆ ಒಂದು ಗೇಣು ಮೇಲೆ ಬಂದಾಗ ಅನುಭವಿಸುವಷ್ಟೇ ವ್ಯತ್ಯಾಸ. ನಿಮ್ಮ ಪೆಲೆಟ್‌ಗಾಗಿ ಮೇಲೆದ್ದು ಕೆಳಗಿಳಿಯುವ ಮೀನು ಗಂಟೆಗೆ ಹತ್ತಾರು ಸಲ ಇದಕ್ಕಿಂತ ದೊಡ್ಡ ಬದಲಾವಣೆ ದಾಟುತ್ತದೆ. ಜೊತೆಗೆ ಗೆಂಡೆಯ ಗಾಳಿಚೀಲಕ್ಕೆ ಅನ್ನನಾಳಕ್ಕೆ ತೆರೆದ ಕೊಳವೆಯಿದೆ. ಗಾಳಿ ಹೆಚ್ಚಾದರೆ ಬಾಯಿಂದ ಹೊರಬಿಡುತ್ತದೆ. ವಾಯುಭಾರ ಇಳಿದ ದಿನ ಮೀನಿನ ನಡವಳಿಕೆ ಬದಲಾಗುವುದನ್ನು ನಾನೂ ಕಂಡಿದ್ದೇನೆ. ಆದರೆ ಆ ದಿನ ಮೋಡ, ಗಾಳಿ, ಬೆಳಕು ಎಲ್ಲವೂ ಒಟ್ಟಿಗೇ ಬದಲಾಗಿರುತ್ತವೆ. ನಾವು ಅಳೆಯಬಲ್ಲದ್ದಕ್ಕೆ ಹೆಸರು ಕಟ್ಟಿಬಿಡುತ್ತೇವೆ.

ಮಳೆಗೆ ಕೆರೆ ತಣ್ಣಗಾಯಿತು ಅನ್ನುವುದೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೆರೆ ಸರಾಸರಿ ಒಂದೂವರೆ ಮೀಟರ್ ಆಳ ಅಂತಿಟ್ಟುಕೊಳ್ಳಿ. 15 ಮಿಲಿಮೀಟರ್ ಮಳೆ ಅಂದರೆ ಆ ನೀರಿನ ನೂರರಲ್ಲೊಂದು ಪಾಲು. ಕೆರೆ 22 ಡಿಗ್ರಿ, ಮಳೆಹನಿ 14 ಡಿಗ್ರಿ ಇದ್ದರೂ ಎಲ್ಲ ಬೆರೆತ ಮೇಲೆ ಇಳಿಯುವುದು ಒಂದು ಡಿಗ್ರಿಯ ಹತ್ತನೇ ಒಂದಂಶಕ್ಕಿಂತ ಕಡಿಮೆ. ಕೆರೆಯನ್ನು ನಿಜವಾಗಿ ತಣಿಸುವುದು ದಿನಗಟ್ಟಲೆ ಬಿಸಿಲಿಲ್ಲದ ಮೋಡ, ತಣ್ಣನೆ ಗಾಳಿ, ರಾತ್ರಿಯ ಚಳಿ. ಮೂರು ದಿನದಿಂದ ತಣ್ಣಗೆ ಜಿನುಗುತ್ತಿದ್ದರೆ ಆ ಮಾತು ಒಪ್ಪುತ್ತಿದ್ದೆ. ಬಿಸಿಲಿನ ಬೆಳಗಿನ ಬೆನ್ನಿಗೆ ಬಂದ ಒಂದು ಮಳೆಗೆ ಅದು ಅನ್ವಯಿಸುವುದಿಲ್ಲ.

ಆದರೆ ಹೊರಗಿಂದ ಹರಿದು ಬರುವ ನೀರಿನ ಲೆಕ್ಕವೇ ಬೇರೆ. ಕೆರೆಯ 20 ಪಟ್ಟು ನೆಲದಿಂದ ನೀರು ಇಳಿದು ಬರುತ್ತದೆ, ಬಿದ್ದದ್ದರಲ್ಲಿ ಮೂರನೇ ಒಂದು ಪಾಲು ಹರಿಯುತ್ತದೆ ಅಂದುಕೊಂಡರೆ, ಅದೇ 15 ಮಿಲಿಮೀಟರ್ ಮಳೆ ಕೆರೆಗೆ 100 ಮಿಲಿಮೀಟರ್ ನೀರು ತರುತ್ತದೆ. ಅದೂ ಎಲ್ಲ ಕಡೆಯಿಂದ ಸಮನಾಗಿ ಅಲ್ಲ; ಒಂದು ತೋಡಿನಿಂದ, ಒಂದು ಇಳಿಜಾರಿನಿಂದ, ಕೆಲವೊಮ್ಮೆ ನೀವು ಕೂತ ಹಲಗೆಯ ಪಕ್ಕದ ಸಣ್ಣ ಕೊರಕಲಿನಿಂದ. ಹಾಗಾಗಿ ಒಂದೇ ಮಳೆ ಒಂದು ಪೆಗ್‌ಗೆ ವರ, ಇನ್ನೊಂದಕ್ಕೆ ಶಾಪ. ಮಳೆಯಲ್ಲಿ ಗೆಂಡೆ ತಿನ್ನುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಇದಕ್ಕೇ. ಮಳೆಯನ್ನು ನೋಡಬೇಡಿ, ನಿಮ್ಮ ಪೆಗ್‌ನ ನೀರು ನೋಡಿ ಅಂತ ನಾನು ಶಿಷ್ಯರಿಗೆ ಹೇಳುತ್ತಲೇ ಇರುತ್ತೇನೆ.

ಆ ದಿನ ನಿಮ್ಮ ಪೆಗ್‌ನಲ್ಲಿ ಏನಾಯಿತು? ನೀವು ಬರೆದದ್ದರಿಂದ ಸಾಕಷ್ಟು ಊಹಿಸಬಹುದು.

ಬೆಳಗ್ಗೆ ಬಿಸಿಲಿಗೆ ಮೇಲಿನ ನೀರು ಬೆಚ್ಚಗಿತ್ತು, ಗೆಂಡೆ ಮೇಲಿತ್ತು. ಪೆಲೆಟ್ ನೀರಿಗೆ ಬೀಳುವ ಟಪ್ ಟಪ್ ಸದ್ದೇ ಊಟದ ಕರೆಗಂಟೆಯಾಗಿತ್ತು. ಗೆಂಡೆಯ ಕಿವಿ ಬಹಳ ಚುರುಕು. ಗಾಳಿಚೀಲದಿಂದ ಒಳಗಿವಿಗೆ ಸಣ್ಣ ಮೂಳೆಗಳ ಸರಪಳಿಯಿದ್ದು, ಗಾಳಿಚೀಲ ತಮಟೆಯ ಚರ್ಮದಂತೆ ಕಂಪನ ಹಿಡಿದು ಕೊಡುತ್ತದೆ. ಜೋರು ಮಳೆ ಬಿದ್ದಾಗ ಇಡೀ ನೀರಿನ ಮೈಯೇ ಗದ್ದಲ. ಅದರಲ್ಲಿ ನಿಮ್ಮ ಆರೆಂಟು ಪೆಲೆಟ್‌ಗಳ ಸದ್ದು ಮುಳುಗಿಹೋಯಿತು. ಮೇಲೆ ಉಳಿಯಲು ಮೀನಿಗೆ ಕಾರಣ ಉಳಿಯಲಿಲ್ಲ.

ಆಗ ನೀವು ಮೇವು ಹೆಚ್ಚಿಸಿದಿರಿ. ತಪ್ಪು ಅಲ್ಲಿ. ಯಾರೂ ತಿನ್ನದ ಪೆಲೆಟ್ ತಳಕ್ಕೆ ಇಳಿದು ರಾಶಿಯಾಯಿತು. ಮೀನು ನಿಮ್ಮ ಜಾಗ ಬಿಟ್ಟು ಹೋಗಿರಲಿಕ್ಕಿಲ್ಲ, ಕೆಳಗಿಳಿದು ಆ ರಾಶಿಯಲ್ಲಿ ಮೂಗು ಹೂತು ತಿನ್ನುತ್ತಿದ್ದಿರಬೇಕು. ನಿಮ್ಮ ಕೊಕ್ಕೆ ಮಾತ್ರ ಎರಡಡಿಯಲ್ಲೇ ನೇತಾಡುತ್ತಿತ್ತು. ಎರೆಯ ವಾಸನೆ ಬದಲಾಯಿಸಿದಿರಿ, ಆಳ ಬದಲಾಯಿಸಲಿಲ್ಲ. ಈ ತಪ್ಪನ್ನು ನಾನು ಎಷ್ಟು ಸಲ ಕಂಡಿದ್ದೇನೆಂದರೆ, ಮಳೆಯ ಸ್ಪರ್ಧೆಯಲ್ಲಿ ಮೀನು ನಿಂತಿತು ಅಂತ ಯಾರೇ ಹೇಳಿದರೂ ನಾನು ಮೊದಲು ಕೇಳುವುದು ಬೆಂಡಿನ ಕೆಳಗೆ ಎಷ್ಟು ದಾರ ಇತ್ತು ಅಂತ.

ಹಾಗಾದರೆ ಭಾನುವಾರ ಮಳೆ ಹಿಡಿದು ಕಚ್ಚುವುದು ನಿಂತಾಗ ಏನು ಮಾಡಬೇಕು? ಮೊದಲು ಮೇವು ನಿಲ್ಲಿಸಿ. ಹತ್ತು ನಿಮಿಷ ಒಂದು ಕಾಳೂ ಬೇಡ. ಅದೇ 13 ಮೀಟರ್ ಜಾಗದಲ್ಲಿ ತಳಕ್ಕೆ ಹೊಂದಿಸಿಟ್ಟ ಇನ್ನೊಂದು ಬೆಂಡು ಇಳಿಸಿ, ಎರೆ ತಳಕ್ಕೆ ತಾಗಿದಂತಿರಲಿ. ಇದಕ್ಕಾಗಿ ಸ್ಪರ್ಧೆ ಶುರುವಾಗುವ ಮೊದಲೇ ತೂಕದ ಗುಂಡು ಕಟ್ಟಿ ಆಳ ಅಳೆದು ಪೋಲ್ ಮೇಲೆ ಗುರುತು ಹಾಕಿರಬೇಕು. ಮಳೆ ಗಂಟೆಗಟ್ಟಲೆ ಹಿಡಿದರೆ ಮತ್ತೊಮ್ಮೆ ಅಳೆಯಿರಿ. ಹರಿದು ಬರುವ ನೀರಿಗೆ ಮಟ್ಟ ಐದಾರು ಸೆಂಟಿಮೀಟರ್ ಏರಿದ್ದರೂ ತಳದಲ್ಲಿದ್ದ ಎರೆ ಮೇಲೆ ತೇಲುತ್ತಿರುತ್ತದೆ. ಇದರ ಅಪಾಯವೆಂದರೆ, ಆಗಲೇ ತಳದಲ್ಲಿ ಮೇವು ಹೆಚ್ಚಾಗಿದ್ದರೆ ನಿಮ್ಮ ಎರೆ ನೂರರಲ್ಲೊಂದಾಗುತ್ತದೆ, ಮೀನಿನ ಮೈ ದಾರಕ್ಕೆ ತಾಗಿ ಬೆಂಡು ಸುಮ್ಮನೆ ಮುಳುಗುತ್ತದೆ, ನೀವು ಎಳೆದರೆ ಕೊಕ್ಕೆ ರೆಕ್ಕೆಗೋ ಹುರುಪೆಗೋ ಸಿಕ್ಕುತ್ತದೆ. ಹಾಗೆ ಎರಡು ಸಲ ಆದರೆ ಮೇವಿನ ರಾಶಿಯಿಂದ ಎರಡಡಿ ಪಕ್ಕಕ್ಕೆ ಸರಿಯಿರಿ.

ಮೇಲ್ಮಟ್ಟದಲ್ಲೇ ಮುಂದುವರಿಯುವುದೂ ಕೆಲವೊಮ್ಮೆ ಸರಿ. ಬೆಚ್ಚನೆಯ ತುಂತುರಿದ್ದು, ಮೀನು ಮೇಲೆ ಹೊರಳುವುದು ಕಂಡರೆ ಬಿಡಬೇಡಿ. ಜಡಿಮಳೆಯಲ್ಲಿ ಅದರ ಮೇಲೆ ಹಟ ಬೇಡ. ದೂರಕ್ಕೆ ಫೀಡರ್ (ದಾರಕ್ಕೆ ಕಟ್ಟಿದ ಮೇವಿನ ಪುಟ್ಟ ಬುಟ್ಟಿ) ಎಸೆಯುವುದು ಮೂರನೇ ದಾರಿ. ಗಾಳಿ ಜೋರಾಗಿ ಪೋಲ್ ಹಿಡಿಯಲಾಗದ ದಿನಕ್ಕೆ ಒಳ್ಳೆಯದು. ಆಗ ರಾಡ್‌ನ ತುದಿಯನ್ನು ನೀರಿನ ಮೈಗೆ ಹತ್ತಿರ ತಗ್ಗಿಸಿಡಿ, ಇಲ್ಲದಿದ್ದರೆ ಗಾಳಿಯ ಅಲುಗಾಟವೂ ಮೀನಿನ ಕಚ್ಚೂ ಒಂದೇ ಥರ ಕಾಣುತ್ತವೆ.

ನಿಮ್ಮ ಪಕ್ಕದವರು ಗೆದ್ದದ್ದು ನಾಲ್ಕನೇ ದಾರಿಯಲ್ಲಿ, ದಡದಂಚಿನಲ್ಲಿ. ಅದು ಅದೃಷ್ಟವಲ್ಲ. ಗೆಂಡೆ ದಡಕ್ಕೆ ಬರಲು ಹೆದರುವುದು ಬೆಳಕಿಗೆ, ನೆರಳಿಗೆ, ಕಾಲಸಪ್ಪಳಕ್ಕೆ. ಮೋಡ ಬೆಳಕು ತಗ್ಗಿಸಿತು. ಹನಿಗಳು ನೀರಿನ ಕನ್ನಡಿಯನ್ನು ಒಡೆದವು, ಕೆಳಗಿಂದ ನೋಡುವ ಮೀನಿಗೆ ದಡದ ಮನುಷ್ಯ ಚೂರುಚೂರಾದ. ಸದ್ದನ್ನು ಮಳೆಯೇ ನುಂಗಿತು. ಮೇಲೆ ದಡದ ಮಣ್ಣು ಕರಗಿ ಅಂಚಿನ ನೀರು ಕದಡಿತು, ಅದರ ಜೊತೆ ಎರೆಹುಳು, ಕೀಟ, ಬೀಜ ಎಲ್ಲ ಇಳಿದವು. ನಿಮ್ಮ ಪೋಲಿನ ತುದಿಯಲ್ಲಿ ಸದ್ದು ಮುಚ್ಚಿಹಾಕಿದ ಮಳೆಯೇ ಅವರ ಕಾಲಬುಡದಲ್ಲಿ ಮೀನಿಗೆ ಧೈರ್ಯ ಕೊಟ್ಟಿತು. ಕದಡಿದ ನೀರಿನಲ್ಲಿ ಗೆಂಡೆಗೆ ಕಣ್ಣು ಬೇಕಿಲ್ಲ. ಬಾಯಂಚಿನ ಎರಡು ಜೊತೆ ಮೀಸೆಗಳಲ್ಲೇ ರುಚಿ ನೋಡಿ ಆರಿಸಬಲ್ಲದು.

ದಡದಂಚಿನ ಕೆಲಸ ತಾಳ್ಮೆಯದು. ಸ್ಪರ್ಧೆಗೆ ಮುಂಚೆಯೇ ನಿಮ್ಮ ಎಡಕ್ಕೋ ಬಲಕ್ಕೋ, ಮುಂದಿನ ಪೆಗ್‌ನ ಗಡಿ ಮೀರದಂತೆ, ಒಂದೂವರೆಯಿಂದ ಎರಡಡಿ ಆಳದ ಸಮತಟ್ಟಾದ ಜಾಗ ಹುಡುಕಿ. ಹುಲ್ಲು ಬಾಗಿದ್ದರೆ ಇನ್ನೂ ಒಳ್ಳೆಯದು. ಮೂರನೇ ಗಂಟೆಯಿಂದ, ಅಲ್ಲಿ ಗಾಳ ಹಾಕದೆಯೇ, 15 ನಿಮಿಷಕ್ಕೊಮ್ಮೆ ಸಣ್ಣ ಬಟ್ಟಲಿನಷ್ಟು ಮೇವನ್ನು ಸದ್ದಿಲ್ಲದೆ ಇಳಿಸಿ. ಹುಲ್ಲುಕಡ್ಡಿ ಅಲುಗುವುದು, ನೀರು ಹೊಗೆಯಾಡಿದಂತೆ ಕದಡುವುದು, ಬಾಲದ ಸುಳಿ ಏಳುವುದು, ಇವು ಕಾಣುವವರೆಗೆ ಕೈ ಕಟ್ಟಿಕೊಳ್ಳಿ. ಅವಸರದಿಂದ ಮೊದಲ ಮೀನಿಗೇ ಗಾಳ ಹಾಕಿ, ಅದು ಒದ್ದಾಡಿ ಉಳಿದವನ್ನು ಓಡಿಸಿದರೆ ಆ ಜಾಗ ಅರ್ಧ ಗಂಟೆ ಸತ್ತ ಹಾಗೆ. ಇಲ್ಲಿ ಎರಡು ಅಪಾಯಗಳಿವೆ. ಸಣ್ಣ ಮೀನುಗಳು ಮೇವು ದೋಚಿಬಿಡಬಹುದು; ಹಾಗಾದರೆ ಮರಿಹುಳು (ನೊಣದ ಮರಿ) ಬಿಟ್ಟು ದೊಡ್ಡ ಪೆಲೆಟ್ ಅಥವಾ ಮೆಕ್ಕೆಜೋಳದ ಕಾಳು ಬಳಸಿ. ಮತ್ತೊಂದು, ಕೊರಕಲಿನಿಂದ ತಣ್ಣನೆ ಕೆಸರುನೀರು ನೇರ ನಿಮ್ಮ ಅಂಚಿಗೇ ನುಗ್ಗುತ್ತಿದ್ದರೆ ಮೀನು ಅಲ್ಲಿ ನಿಲ್ಲುವುದಿಲ್ಲ. ಕೈ ಅದ್ದಿ ನೋಡಿ. ಕೆರೆಯ ನೀರಿಗಿಂತ ಸ್ಪಷ್ಟವಾಗಿ ತಣ್ಣಗಿದ್ದರೆ ಇನ್ನೊಂದು ಬದಿಗೆ ಹೋಗಿ, ಕದಡಿದ ನೀರು ತಿಳಿನೀರನ್ನು ಕೂಡುವ ಗೆರೆ ಹುಡುಕಿ.

ಘಾಟು ವಾಸನೆಯ ಎರೆಯ ಬಗ್ಗೆ ಬರೆದಿದ್ದೀರಿ. ಕದಡಿದ ನೀರಿನಲ್ಲಿ ಸ್ವಲ್ಪ ನೆರವಾಗುತ್ತದೆ. ಆಳ ತಪ್ಪಿದ್ದರೆ ಯಾವ ವಾಸನೆಯೂ ಮೀನನ್ನು ಕೊಕ್ಕೆಗೆ ತರುವುದಿಲ್ಲ.

ಮೇವು ಪೂರ್ತಿ ನಿಲ್ಲಿಸಬೇಕಾದ ಮಳೆಯೊಂದಿದೆ, ಅದನ್ನು ಗುರುತಿಸಲು ಕಲಿಯಿರಿ. ಬಹಳ ದಿನ ಉರಿಬಿಸಿಲಿದ್ದ ಕೆರೆಯಲ್ಲಿ ಮೇಲೆ ಬೆಚ್ಚನೆ ನೀರು, ಕೆಳಗೆ ತಣ್ಣನೆಯ, ಉಸಿರಿಲ್ಲದ ನೀರು ಪದರವಾಗಿ ನಿಂತಿರುತ್ತದೆ. ಬೆಚ್ಚನೆ ನೀರು ಹಿಡಿದಿಡುವ ಆಮ್ಲಜನಕವೇ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಸಾಮಾನ್ಯ ಮಳೆ ನೀರಿನ ಮೈಯನ್ನು ಕುಟ್ಟಿ ಗಾಳಿ ಬೆರೆಸುವುದರಿಂದ ಮೀನಿಗೆ ಹಿತ, ಸೆಕೆಯ ನಂತರದ ಮೊದಲ ಮಳೆಯಲ್ಲಿ ಮೀನು ಚುರುಕಾಗುವುದು ಇದರಿಂದಲೂ ಹೌದು. ಆದರೆ ಬಿರುಗಾಳಿಯ ಜೊತೆ ಬಂದ ಭಾರಿ ಮಳೆ ಆ ಪದರಗಳನ್ನು ಕಲಕಿದರೆ ಕೆಳಗಿನ ಕೆಟ್ಟ ನೀರು ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುವ ಮೀನು, ತೋಡಿನ ಬಾಯಲ್ಲಿ ಗುಂಪುಗೂಡಿದ ಮೀನು ಕಂಡರೆ ಅದು ಹಸಿವಲ್ಲ, ಉಸಿರಿನ ಸಂಕಟ. ಆಗ ಮೇವು ಹಾಕಿದರೆ ಅದು ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಕೀಪ್‌ನೆಟ್‌ನಲ್ಲಿ (ಹಿಡಿದ ಮೀನನ್ನು ನೀರಿನಲ್ಲೇ ಇಡುವ ಬಲೆ) ಒತ್ತೊತ್ತಾಗಿರುವ ಮೀನಂತೂ ಸಾಯಬಹುದು. ಆಯೋಜಕರಿಗೆ ತಕ್ಷಣ ಹೇಳಿ, ತೂಕ ಮಾಡಿಸಿ ಮೀನು ಬಿಡಿ. ಆ ದಿನದ ಸ್ಪರ್ಧೆ ಅಲ್ಲಿಗೆ ನಿಂತರೂ ಸರಿ.

ಸಾಮಾನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಮಳೆಯಲ್ಲಿ ಅರ್ಧ ಸೋಲು ಅಲ್ಲೇ ಆಗುತ್ತದೆ. ಕೊಡೆ ಇರುವುದು ನಿಮಗಿಂತ ಹೆಚ್ಚಾಗಿ ಎರೆಗೆ. ಹಿಂದಕ್ಕೆ ತಗ್ಗಿಸಿ, ಎರೆಯ ತಟ್ಟೆ ನೆನೆಯದಂತೆ ನೆಡಿ. ಪೋಲ್ ಹಿಂದೆ ಎಳೆಯುವ ದಾರಿಗೆ ಅಡ್ಡ ಬರಬಾರದು. ನೆನೆದ ಪೆಲೆಟ್ ಗಂಜಿಯಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ನೆನೆಸಿ ಉಳಿದದ್ದನ್ನು ಮುಚ್ಚಳದ ಡಬ್ಬಿಯಲ್ಲಿಡಿ. ಕಲಸಿದ ಮೇವು ಮಾಮೂಲಿಗಿಂತ ಒಣವಾಗಿರಲಿ, ಉಳಿದ ನೀರನ್ನು ಮಳೆ ಸೇರಿಸುತ್ತದೆ. ಮರಿಹುಳುಗಳಿಗೆ ನೀರು ತಗುಲಿದರೆ ಡಬ್ಬಿಯ ನುಣುಪು ಗೋಡೆಯನ್ನೂ ಹತ್ತಿ ಹೊರಡುತ್ತವೆ, ಒಂದು ಹಿಡಿ ಒಣಹಿಟ್ಟು ಉದುರಿಸಿಡಿ. ಪೋಲ್‌ನ ಕೀಲುಗಳಿಗೆ ಒದ್ದೆ ಮರಳು ಸೇರಿದರೆ ಕಚ್ಚಿಕೊಳ್ಳುತ್ತವೆ, ಪ್ರತಿ ಸಲ ಬಟ್ಟೆಯಿಂದ ಒರೆಸಿ. ಒಣಬಟ್ಟೆ ನಾಲ್ಕಾದರೂ ಇರಲಿ. ನೈಲಾನ್ ದಾರ ನೀರು ಹೀರಿ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಮೂರ್ನಾಲ್ಕು ದೊಡ್ಡ ಮೀನಾದ ಮೇಲೆ ಕೊಕ್ಕೆಯ ಕಡೆಯ ದಾರ ಬದಲಾಯಿಸಿ. ಹನಿಗಳ ಉಂಗುರದ ನಡುವೆ ತೆಳು ಬೆಂಡಿನ ತುದಿ ಕಾಣದು, ದಪ್ಪ ತುದಿಯದು ಒಯ್ಯಿರಿ. ನೀರು ಬೆಳ್ಳಗೆ ಹೊಳೆಯುವಾಗ ಕೆಂಪಿಗಿಂತ ಕಪ್ಪು ಚೆನ್ನಾಗಿ ಕಾಣುತ್ತದೆ. ಒಳಗೆ ಹತ್ತಿ ಬಟ್ಟೆ ಬೇಡ, ನೆಂದರೆ ಮೈಬಿಸಿ ಹೀರಿಬಿಡುತ್ತದೆ, ಉಣ್ಣೆ ಇರಲಿ. ಮರಗಟ್ಟಿದ ಬೆರಳಲ್ಲಿ ಗಂಟು ಕಟ್ಟಲಾಗದು, ಆದ್ದರಿಂದ ಕೊಕ್ಕೆ ದಾರಗಳನ್ನು ಮನೆಯಲ್ಲೇ ಕಟ್ಟಿಕೊಂಡು ಹೋಗಿ.

ತೂಕದ ಹೊತ್ತಿಗೆ ಒಂದು ಗಮನವಿರಲಿ. ಮೀನು ತೂಗುವ ಜೋಲಿ ನೆಂದರೆ ಒಣಜೋಲಿಗಿಂತ ಭಾರ. ತಕ್ಕಡಿಯ ಸೊನ್ನೆಯನ್ನು ಜೋಲಿ ನೆನೆಸಿದ ಮೇಲೆಯೇ ಹೊಂದಿಸಬೇಕು, ಇಲ್ಲದಿದ್ದರೆ ಮೊದಲು ತೂಗಿದವರಿಗೂ ಕೊನೆಗೆ ತೂಗಿದವರಿಗೂ ವ್ಯತ್ಯಾಸ ಬರುತ್ತದೆ. ವಿನಯದಿಂದ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಮೀನನ್ನು ಕೆಸರಿನ ಮೇಲೆ ಇಡಬೇಡಿ, ಮೈಯ ಲೋಳೆಗೆ ಮರಳು ಉಜ್ಜಿದರೆ ಗಾಯವಾಗಿ ಸೋಂಕು ಹತ್ತುತ್ತದೆ. ಮ್ಯಾಟ್ ಮೇಲಿನ ಮಣ್ಣನ್ನು ಕೆರೆಯ ನೀರು ಹಾಕಿ ತೊಳೆದು ಆಮೇಲೆ ಮಲಗಿಸಿ.

ಮನೆಗೆ ಬಂದು ಬಲೆಗಳನ್ನು ಒದ್ದೆಯಾಗಿಯೇ ಚೀಲದಲ್ಲಿ ಬಿಡಬೇಡಿ. ಗೆಂಡೆಗೆ ಬರುವ ಹರ್ಪಿಸ್ ವೈರಸ್ ರೋಗವೂ ಪರೋಪಜೀವಿಗಳೂ ಒದ್ದೆ ಬಲೆಯ ಮೂಲಕ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಲ್ಲವು. ಬಿಸಿಲಿಗೆ ಹರಡಿ, ಮಡಿಕೆಗಳೂ ಬಿಡಿಸಿ, ಪೂರ್ತಿ ಒಣಗಿಸಿ. ಮಳೆ ಬಿಡದೆ ಬಲೆ ಒಣಗಿರದಿದ್ದರೆ ಮುಂದಿನ ಕೆರೆಯವರಿಗೆ ಅದನ್ನು ತಿಳಿಸಿ, ಅವರ ಬಲೆಯನ್ನೇ ಕೇಳಿ ಪಡೆಯಿರಿ.